ಅಣ್ಣನ ಜೊತೆ ಮಾತಿಲ್ಲ, ಪರಮಪ್ರಸಾದ ಸ್ವೀಕರಿಸಬಹುದೇ? ದಡದ ಕೆಂಡದ ಶುಭಸಂದೇಶ ಕೇಳಿದ ಮೇಲೆ ಎದ್ದ ಪ್ರಶ್ನೆ

ಕೋಡಿಬಾಗದವಳು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಉದ್ದವಾದರೆ ಬೇಸರಿಸಬೇಡಿ.

ನಾನೂ ನನ್ನ ಅಣ್ಣನೂ ಒಂದೇ ಚರ್ಚಿಗೆ ಹೋಗುತ್ತೇವೆ, ಅದೂ ಒಂದೇ ಹೊತ್ತಿನ ಬಲಿಪೂಜೆಗೆ. ಮಾತು ಬಿಟ್ಟು ಎಂಟು ವರ್ಷವಾಯಿತು. ಅವನು ಬಲಗಡೆಯ ಬೆಂಚಿನಲ್ಲಿ ಕೂರುತ್ತಾನೆ, ನಾನು ಎಡಗಡೆ. ಶಾಂತಿ ಕೋರುವಾಗ ಎಲ್ಲರೂ ಕೈಮುಗಿದು ಅಕ್ಕಪಕ್ಕ ತಿರುಗುತ್ತಾರಲ್ಲ, ಆಗ ನಾನು ಹಿಂದಿನ ಸಾಲಿನತ್ತ ತಿರುಗುತ್ತೇನೆ, ಅವನು ಗೋಡೆಯತ್ತ. ಒಮ್ಮೆಯೂ ಕಣ್ಣು ಕೂಡಿಲ್ಲ.

ಅಮ್ಮ ತೀರಿಕೊಂಡ ಮೇಲೆ ಗೊತ್ತಾಯಿತು, ಹಿತ್ತಿಲಿನ ತೆಂಗಿನ ತೋಟ, 22 ಮರ, ಅವನ ಹೆಸರಿಗೆ ಆಗಿತ್ತು. ನನಗೆ ಒಂದು ಮಾತೂ ಹೇಳಿರಲಿಲ್ಲ. ಜಗಳ ಶುರುವಾದದ್ದು ಅಲ್ಲಿಂದ.

ಈ ಸಲ ಪಾಸ್ಕ (ಈಸ್ಟರ್) ಕಾಲದ ಮೂರನೆಯ ಭಾನುವಾರ ಯೊವಾನ್ನನ ಶುಭಸಂದೇಶದ 21ನೆಯ ಅಧ್ಯಾಯ ಓದಿದರು. ರಾತ್ರಿಯೆಲ್ಲ ಬಲೆ ಬೀಸಿದರೂ ಏನೂ ಸಿಗದ ಶಿಷ್ಯರು, ಬೆಳಗಾಗುವಾಗ ದಡದಲ್ಲಿ ನಿಂತ ಯೇಸು, ಕೆಂಡ, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಗುರುಗಳು ಅವಸರ ಮಾಡದೆ ಓದಿದರು. ‘ಕೆಂಡ’ ಎಂದು ಕಿವಿಗೆ ಬಿದ್ದ ಕೂಡಲೇ ನನಗೆ ನಮ್ಮ ಹಿತ್ತಿಲು ಕಂಡಿತು. ಅಮ್ಮ ತೆಂಗಿನ ಕರಟದ ಕೆಂಡದ ಮೇಲೆ ಬಂಗಡೆ ಸುಡುತ್ತಿದ್ದಳು, ಅಣ್ಣ ಬೆರಳು ಸುಟ್ಟುಕೊಂಡು ಮುಳ್ಳು ಬಿಡಿಸಿ ನನ್ನ ತಟ್ಟೆಗೆ ಹಾಕುತ್ತಿದ್ದ. ಅಂದು ಪರಮಪ್ರಸಾದದ (ಪೂಜೆಯಲ್ಲಿ ಗುರುಗಳು ಕೊಡುವ ಪವಿತ್ರ ರೊಟ್ಟಿಯ) ಸಾಲಿಗೆ ಎದ್ದು ಹೋಗಲು ನನ್ನ ಕೈಲಾಗಲಿಲ್ಲ, ಬೆಂಚಿನಲ್ಲೇ ಕೂತುಬಿಟ್ಟೆ.

ಮತ್ತಾಯ 5ರಲ್ಲಿ ‘ಸಹೋದರನ ಮೇಲೆ ನಿನಗೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನ ಜೊತೆ ಸಮಾಧಾನವಾಗು’ ಎಂದಿದೆಯಲ್ಲ. ಹಾಗಾದರೆ ಇಷ್ಟು ವರ್ಷ ನಾನು ಸ್ವೀಕರಿಸಿದ್ದು ತಪ್ಪೇ? ಇನ್ನೊಂದು ಪ್ರಶ್ನೆ. ಎಷ್ಟೋ ಪ್ರಸಂಗ ಕೇಳಿದ್ದೇನೆ, ಎಷ್ಟೋ ಜನ ಬುದ್ಧಿ ಹೇಳಿದ್ದಾರೆ, ನಾನು ಜಗ್ಗಲಿಲ್ಲ. ಒಂದು ಸುಂದರವಾದ ಚಿತ್ರ ಮಾತ್ರ ಹೀಗೆ ಅಲುಗಾಡಿಸಿತು. ಇದನ್ನು ನಂಬಬಹುದೇ, ಇಲ್ಲ ಇದು ನಾಲ್ಕು ದಿನದ ಭಾವುಕತೆಯೇ?

ದುಬೈಯಲ್ಲಿರುವ ಕಾರವಾರಿಗ

ಅಕ್ಕಾ, ಕಣ್ಣಲ್ಲಿ ನೀರು ಬಂತು. ನಮ್ಮ ವಾಡೆಯಲ್ಲೂ ಹೀಗೆ ಮಾತು ಬಿಟ್ಟ ಮನೆಗಳಿವೆ. ಉತ್ತರ ಗೊತ್ತಿಲ್ಲ, ಓದುತ್ತಿರುತ್ತೇನೆ.

ಉಪದೇಶಿ

ತಂಗಿ, ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ. ಅದಕ್ಕೇ ಮೊದಲು ಒಂದು ತಿದ್ದುಪಡಿ. ಆ ವಾಕ್ಯವನ್ನು ನೀವು ತಿರುವಿ ಬರೆದಿದ್ದೀರಿ, ಬಹಳ ಜನ ಹಾಗೆಯೇ ನೆನಪಿಟ್ಟುಕೊಳ್ಳುತ್ತಾರೆ. ಮತ್ತಾಯ 5:23ರಲ್ಲಿ ಇರುವುದು ‘ನಿನಗೆ ಸಹೋದರನ ಮೇಲೆ’ ಎಂದಲ್ಲ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ಪೀಠದ ಮುಂದೆ ನೆನಪಾದರೆ, ಎಂದು. ನನಗಾದ ಗಾಯದ ವಿಷಯ ಅಲ್ಲಿಲ್ಲ, ನನ್ನಿಂದ ಇನ್ನೊಬ್ಬನಿಗಾದ ಗಾಯದ ವಿಷಯ ಇದೆ. ಬೈಬಲ್ ಕೈಗೆತ್ತಿಕೊಂಡು ನಿಧಾನವಾಗಿ ಓದಿ.

ಪರಮಪ್ರಸಾದದ ಪ್ರಶ್ನೆಗೆ: ನೋವಿನಿಂದ ದೂರವಿರುವುದು ಬೇರೆ, ಅವನಿಗೆ ಕೆಡುಕಾಗಲಿ ಎಂದು ಬಯಸುತ್ತಾ ದ್ವೇಷವನ್ನು ಬೇಕೆಂದೇ ಸಾಕುವುದು ಬೇರೆ. ಎರಡನೆಯದು ಮನಸ್ಸಿನಲ್ಲಿದ್ದರೆ ಮೊದಲು ಪಾಪನಿವೇದನೆ ಮಾಡಿ. ಮೊದಲನೆಯದಾದರೆ ಪರಮಪ್ರಸಾದವೇ ಔಷಧಿ. ಅದನ್ನು ಇಲ್ಲಿ ಯಾರೂ ತೀರ್ಮಾನಿಸಲಾರರು. ನಿಮ್ಮ ಗುರುಗಳ ಬಳಿ ಹೋಗಿ ಮನಬಿಚ್ಚಿ ಹೇಳಿ.

ಅಂಕೋಲಾ ವಕೀಲ

ಎಲ್ಲರೂ ಕ್ಷಮೆಯ ಬಗ್ಗೆಯೇ ಬರೆಯುತ್ತೀರಿ. ತೋಟದ ಕಾಗದ ಯಾವುದು ಎಂದು ಯಾರೂ ಕೇಳಲಿಲ್ಲ. ಮರಣಪತ್ರವೇ, ದಾನಪತ್ರವೇ? ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಮರಣಪತ್ರ ಬರೆಯದೆ ತಾಯಿ ತೀರಿಕೊಂಡರೆ ಮಗನಿಗೂ ಮಗಳಿಗೂ ಸಮಪಾಲು. ಬರೆದಿದ್ದರೆ ಅವರ ಇಷ್ಟ. ಆದರೆ ಮೋಸದಿಂದಲೋ ಒತ್ತಾಯದಿಂದಲೋ ಬರೆಸಿದ್ದರೆ ಅದು ನಿಲ್ಲುವುದಿಲ್ಲ.

ನಾನೂ ಕಥೋಲಿಕನೇ. ಸುಂಕದ ಅಧಿಕಾರಿ ಜಕ್ಕಾಯನ ಕಥೆ ಲೂಕ 19ರಲ್ಲಿ ಇದೆ. ಅವನು ಯೇಸುವಿನ ಮುಂದೆ ಬರೀ ಅಳಲಿಲ್ಲ. ಮೋಸದಿಂದ ತೆಗೆದುಕೊಂಡದ್ದಿದ್ದರೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದ. ಆಮೇಲೆಯೇ ಯೇಸು ‘ಈ ಮನೆಗೆ ಇಂದು ಉದ್ಧಾರವಾಯಿತು’ ಎಂದದ್ದು. ಪಾಲು ಕೊಡದವನನ್ನು ಅಪ್ಪಿಕೊಂಡರೆ ಅದು ಸಂಧಾನವಲ್ಲ, ಶರಣಾಗತಿ.

ಉಪದೇಶಿ

ವಕೀಲರೇ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1459ನೆಯ ಪರಿಚ್ಛೇದ ಇದನ್ನೇ ಹೇಳುತ್ತದೆ. ಗುರುಗಳು ಕೊಡುವ ವಿಮೋಚನೆ ಪಾಪವನ್ನು ತೆಗೆಯುತ್ತದೆ, ಆದರೆ ಪಾಪ ಮಾಡಿದ ಹಾನಿಯೆಲ್ಲ ಅದರಿಂದಲೇ ಸರಿಹೋಗುವುದಿಲ್ಲ. ಕದ್ದದ್ದನ್ನು ಹಿಂತಿರುಗಿಸಬೇಕು, ಹೆಸರು ಕೆಡಿಸಿದ್ದರೆ ಆ ಹೆಸರನ್ನು ಸರಿಪಡಿಸಬೇಕು. ಆದರೆ ಅದು ಪಾಪ ಮಾಡಿದವನ ಮೇಲಿನ ಋಣ. ನೊಂದವನು ಕ್ಷಮಿಸುವ ಮೊದಲು ವಸೂಲಿಗೆ ಕೂರಬೇಕು ಎಂದು ಎಲ್ಲೂ ಹೇಳಿಲ್ಲ.

ಅಂಕೋಲಾ ವಕೀಲ

ವಸೂಲಿ ಎನ್ನಬೇಡಿ, ನ್ಯಾಯ ಎನ್ನಿ. ದಾಖಲೆ ನೋಡದೆ ತಂಗಿಯೇ ಹೋಗಿ ಬಾಗಿಲು ತಟ್ಟಬೇಕು ಎಂದು ಯಾವಾಗಲೂ ಹೆಣ್ಣಿಗೇ ಹೇಳುತ್ತೇವೆ.

ಕುಮಟಾ ಮೇಷ್ಟ್ರು

ಎರಡನೆಯ ಪ್ರಶ್ನೆಯನ್ನು ಎಲ್ಲರೂ ಬಿಟ್ಟಿದ್ದೀರಿ. ನನಗೆ ಅದೇ ದೊಡ್ಡದಾಗಿ ಕಾಣುತ್ತಿದೆ.

ಯೊವಾನ್ನ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಇದ್ದಲ ಕೆಂಡದ ಬೆಂಕಿಗೆ ಅವನು ಬಳಸಿದ ಪದ ‘ಅಂಥ್ರಾಕಿಯಾ’. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಎರಡೇ ಕಡೆ. ಒಂದು ಈ ದಡದಲ್ಲಿ, 21:9. ಇನ್ನೊಂದು 18:18, ಪ್ರಧಾನ ಯಾಜಕನ ಅಂಗಳದಲ್ಲಿ. ಯೇಸುವನ್ನು ಹಿಡಿದು ತಂದ ಆ ರಾತ್ರಿ ಚಳಿಯಿತ್ತು, ಆಳುಗಳು ಕೆಂಡ ಮಾಡಿಕೊಂಡು ಕಾಯಿಸಿಕೊಳ್ಳುತ್ತಿದ್ದರು, ಪೇತ್ರನೂ ಅವರ ನಡುವೆ ನಿಂತು ಕೈ ಕಾಯಿಸಿಕೊಳ್ಳುತ್ತಾ ‘ನಾನು ಅವನ ಶಿಷ್ಯನಲ್ಲ’ ಎಂದ. ಮೂರು ಸಲ ಅಲ್ಲಗಳೆದ.

ಈಗ ದಡಕ್ಕೆ ಈಜಿ ಬರುತ್ತಿರುವ ಪೇತ್ರನನ್ನು ನೆನೆಸಿಕೊಳ್ಳಿ. ಒದ್ದೆ ಬಟ್ಟೆ, ಚುಮುಚುಮು ಬೆಳಗು. ಮೂಗಿಗೆ ಮೊದಲು ಬಡಿಯುವುದು ಏನು? ಅದೇ ಹೊಗೆ. ಯೊವಾನ್ನ ಒಂದು ಮಾತಿನ ವಿವರಣೆಯನ್ನೂ ಕೊಡುವುದಿಲ್ಲ, ‘ಆಗ ಪೇತ್ರನಿಗೆ ನೆನಪಾಯಿತು’ ಎಂದೂ ಬರೆಯುವುದಿಲ್ಲ. ಕೆಂಡ ಇಟ್ಟು ಸುಮ್ಮನಾಗುತ್ತಾನೆ. ಅಕ್ಕಾ, ನಿಮಗೆ ಹಿತ್ತಿಲು ಕಂಡದ್ದು ಭಾವುಕತೆಯಲ್ಲ. ಆ ಪದವನ್ನು ಅಲ್ಲಿ ಇಟ್ಟದ್ದೇ ಅದಕ್ಕಾಗಿ. ಬುದ್ಧಿಮಾತಿಗೆ ನಾವು ಎದುರುತ್ತರ ಕೊಡುತ್ತೇವೆ. ಹೊಗೆಯ ವಾಸನೆಗೆ ಯಾರು ಎದುರುತ್ತರ ಕೊಡುತ್ತಾರೆ?

ಇನ್ನೊಂದನ್ನು ಗಮನಿಸಿ. ‘ನನ್ನನ್ನು ಪ್ರೀತಿಸುತ್ತೀಯಾ’ ಎಂಬ ಪ್ರಶ್ನೆ ಬರುವುದು ಊಟವಾದ ಮೇಲೆ, 21:15ರಲ್ಲಿ. ಮೊದಲು ‘ಬನ್ನಿ, ಊಟ ಮಾಡಿ’ ಎಂದರು. ಹಸಿದು, ಸೋತು, ನಾಚಿಕೆಯಿಂದ ಬಂದವನಿಗೆ ಮೊದಲು ಮೀನು ಬಡಿಸಿದರು.

ಅಂಕೋಲಾ ವಕೀಲ

ಮೇಷ್ಟ್ರೇ, ಚೆನ್ನಾಗಿದೆ. ಆದರೆ ಊಟವಾದ ಮೇಲೆ ಪ್ರಶ್ನೆ ಕೇಳಿದರೋ ಇಲ್ಲವೋ? ಅದೂ ಮೂರು ಸಲ. ಪೇತ್ರ ನೊಂದುಕೊಂಡ ಎಂದೂ ಬರೆದಿದೆ. ಯೇಸು ವಿಷಯವನ್ನು ನುಂಗಿಕೊಳ್ಳಲಿಲ್ಲ.

ಕುಮಟಾ ಮೇಷ್ಟ್ರು

ನುಂಗಿಕೊಳ್ಳಲಿಲ್ಲ, ಒಪ್ಪಿದೆ. ಕ್ರಮ ನೋಡಿ ಎನ್ನುತ್ತಿದ್ದೇನೆ. ಕೆಂಡ, ಊಟ, ಆಮೇಲೆ ಪ್ರಶ್ನೆ. ನಾವು ಪ್ರಶ್ನೆಯಿಂದ ಶುರು ಮಾಡುತ್ತೇವೆ, ಕೆಂಡದ ತನಕ ಬರುವುದೇ ಇಲ್ಲ.

ಶಿರಸಿ ಓದುಗ

ನಾನು ಕ್ರೈಸ್ತನಲ್ಲ, ಕುತೂಹಲಕ್ಕೆ ಓದುತ್ತಿದ್ದೆ. ಆ ಮೂರು ಪ್ರಶ್ನೆಗಳಲ್ಲಿ ‘ಪ್ರೀತಿ’ಗೆ ಎರಡು ಬೇರೆ ಪದಗಳಿವೆ ಎಂದು ಎಲ್ಲೋ ಓದಿದ ನೆನಪು. ನಿಜವೇ?

ಕುಮಟಾ ಮೇಷ್ಟ್ರು

ನಿಜ. ಮೊದಲ ಎರಡು ಸಲ ಯೇಸು ‘ಅಗಪಾಓ’ ಎಂಬ ಕ್ರಿಯಾಪದದಿಂದ ಕೇಳುತ್ತಾರೆ, ಪೇತ್ರ ಪ್ರತಿ ಸಲವೂ ‘ಫಿಲೆಓ’ ಎಂಬ ಪದದಿಂದ ಉತ್ತರಿಸುತ್ತಾನೆ. ಮೂರನೆಯ ಸಲ ಯೇಸುವೇ ಪೇತ್ರನ ಪದಕ್ಕೆ ಇಳಿದು ಬರುತ್ತಾರೆ. ನಿನ್ನಿಂದ ಎಷ್ಟಾಗುತ್ತದೋ ಅಷ್ಟೇ ಸಾಕು ಎಂದ ಹಾಗೆ.

ಉಪದೇಶಿ

ಮೇಷ್ಟ್ರೇ, ಅದಕ್ಕೆ ಅಷ್ಟು ಭಾರ ಹೊರಿಸಬೇಡಿ. ಯೊವಾನ್ನ ಆ ಎರಡು ಪದಗಳನ್ನು ಬೇರೆ ಕಡೆಗಳಲ್ಲಿ ಒಂದೇ ಅರ್ಥದಲ್ಲಿ ಬಳಸಿದ್ದಾನೆ. ಅದೇ ಮಾತುಕತೆಯಲ್ಲಿ ‘ಕುರಿಮರಿ’ ಎಂದೂ ‘ಕುರಿ’ ಎಂದೂ ಪದ ಬದಲಿಸುತ್ತಾನೆ. ಅದು ಅವನ ಬರವಣಿಗೆಯ ರೀತಿ ಎನ್ನುವ ಪಂಡಿತರು ಬಹಳ ಜನ ಇದ್ದಾರೆ.

ಕುಮಟಾ ಮೇಷ್ಟ್ರು

ಇರಬಹುದು. ನನಗೆ ಮಾತ್ರ ಆ ಇಳಿದು ಬರುವುದು ಕಾಣುತ್ತದೆ, ಬಿಡಲಾರೆ.

ಬೈತಕೋಲ ರಂಪಣಿ ಮನೆ

ನಾನು ಓದಿದ್ದು ಏಳನೆಯ ತರಗತಿ. ಗ್ರೀಕ್ ಗೊತ್ತಿಲ್ಲ, ಬಲೆ ಗೊತ್ತು.

ನಮ್ಮ ಅಪ್ಪ ರಂಪಣಿ ಎಳೆದವರು. ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಾರೆ, ಎರಡೂ ಕೊನೆಯ ಹಗ್ಗ ಹಿಡಿದು ದಡದಲ್ಲಿ ಹತ್ತಾರು ಜನ ಎಳೆಯುತ್ತಾರೆ. ಬಲೆ ಒಬ್ಬನದಲ್ಲ. ಬೇರೆ ಬೇರೆ ಮನೆಯವರ ತುಂಡುಗಳನ್ನು ಸೇರಿಸಿ ಹೊಲಿದ ಬಲೆ. ಯಂತ್ರದ ಪರ್ಸೀನ್ ದೋಣಿಗಳು ಬಂದ ಮೇಲೆ ಆ ಕಾಲ ಮುಗಿಯಿತು. ಜಗಳವಾದರೆ ಒಂದು ಮನೆಯವರು ತಮ್ಮ ತುಂಡನ್ನು ಬಿಚ್ಚಿಕೊಂಡು ಹೋಗುತ್ತೇವೆ ಎನ್ನುತ್ತಿದ್ದರಂತೆ. ಅಪ್ಪ ಹೇಳುತ್ತಿದ್ದರು, ಒಂದು ತುಂಡು ಹೋದರೆ ಉಳಿದವರ ಮೀನೂ ಹೋಗುತ್ತದೆ.

ಆ ಅಧ್ಯಾಯದಲ್ಲಿ 153 ಮೀನು ಎಂದು ಲೆಕ್ಕ ಇದೆ. ಅದರ ಅರ್ಥ ಏನು ಎಂದು ಪ್ರಸಂಗದಲ್ಲಿ ಬಹಳ ಕೇಳಿದ್ದೇನೆ. ನಮಗೆ ಅದು ಸರಳ. ಮೀನು ಎಣಿಸುವುದು ಪಾಲು ಹಂಚಲಿಕ್ಕೆ. ದಡದಲ್ಲಿ ದೇವರು ನಿಂತಿದ್ದರೂ ಅವರು ಎಣಿಸಿದರು. ವಕೀಲರು ಹೇಳಿದ್ದು ಅಲ್ಲಿಯೇ ಇದೆ.

ಅಷ್ಟು ದೊಡ್ಡ ಮೀನುಗಳಿದ್ದರೂ ಬಲೆ ಹರಿಯಲಿಲ್ಲ ಎಂದು ಅದೇ ವಾಕ್ಯದಲ್ಲಿದೆ. ಲೂಕನ 5ನೆಯ ಅಧ್ಯಾಯದಲ್ಲಿ, ಮೊದಲ ಸಲ ಕರೆದಾಗ, ಬಲೆ ಹರಿಯತೊಡಗಿತ್ತು. ಬಲೆ ಹೊಲಿದ ಕೈಗೆ ಈ ವ್ಯತ್ಯಾಸ ಗೊತ್ತಾಗುತ್ತದೆ.

ಅಂಕೋಲಾ ವಕೀಲ

ಅಣ್ಣಾ, ನಾನು ಇಷ್ಟು ಹೊತ್ತು ವಾದಿಸಿದ್ದನ್ನು ನೀವು ಎರಡು ಸಾಲಿನಲ್ಲಿ ಹೇಳಿದಿರಿ.

ಕುಮಟಾ ಮೇಷ್ಟ್ರು

153ರ ಬಗ್ಗೆ ಸಂತ ಅಗಸ್ಟೀನರ ಲೆಕ್ಕವೊಂದಿದೆ. ಒಂದರಿಂದ ಹದಿನೇಳರ ತನಕ ಎಲ್ಲ ಅಂಕಿಗಳನ್ನು ಕೂಡಿಸಿದರೆ 153. ಕೂಡಿಸಿ ನೋಡಿ. ಆದರೂ ಪಾಲಿನ ಲೆಕ್ಕವೇ ನನಗೆ ಈಗ ಹಿಡಿಸಿತು.

ಮಿಲಾನಿನ ನರ್ಸ್, ಊರು ಕಾರವಾರ

ಶಾಂತಿ ಕೋರುವ ಹೊತ್ತಿನ ಬಗ್ಗೆ ಒಂದು ಮಾತು. ನಮ್ಮ ಊರಿನಲ್ಲಿ, ರೋಮನ್ ವಿಧಿಯಲ್ಲಿ, ಅದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಆದ ಮೇಲೆ, ಪರಮಪ್ರಸಾದಕ್ಕೆ ಮೊದಲು ಬರುತ್ತದೆ. ಇಲ್ಲಿ ಮಿಲಾನಿನ ಅಂಬ್ರೋಸಿಯನ್ ವಿಧಿಯಲ್ಲಿ ಅದು ಕಾಣಿಕೆ ಅರ್ಪಿಸುವ ಮೊದಲೇ ಬರುತ್ತದೆ. ಮತ್ತಾಯ 5ರಲ್ಲಿ ಇರುವ ಕ್ರಮದಲ್ಲಿಯೇ. ಇಲ್ಲಿಗೆ ಬಂದ ಹೊಸತರಲ್ಲಿ ನನಗೆ ಗಲಿಬಿಲಿಯಾಗಿತ್ತು. ಈಗ ಅದು ಬಹಳ ಹಿತವೆನಿಸುತ್ತದೆ. ಕಾಣಿಕೆ ಕೈಯಲ್ಲಿರುವಾಗಲೇ ಪಕ್ಕದವರ ಮುಖ ನೋಡಬೇಕು.

ಹೊನ್ನಾವರದ ಅಜ್ಜಿ (ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ)

ಮಗಳೇ, ನಾನು ಚಿಕ್ಕವಳಿದ್ದಾಗ ಪೂಜೆಯೆಲ್ಲ ಲ್ಯಾಟಿನ್‌ನಲ್ಲಿ ಇತ್ತು. ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ಗಂಟೆ ಹೊಡೆದಾಗ ತಲೆ ಬಾಗಿಸುತ್ತಿದ್ದೆವು, ಧೂಪದ ಹೊಗೆ ನೋಡುತ್ತಿದ್ದೆವು, ಗೋಡೆಯ ಶಿಲುಬೆ ಹಾದಿಯ ಚಿತ್ರಗಳನ್ನು ನೋಡಿ ಅಳುತ್ತಿದ್ದೆವು. ಅರ್ಥವಾಗದಿದ್ದರೂ ಚೆಂದ ಒಳಗೆ ಹೋಗುತ್ತಿತ್ತು. ವ್ಯಾಟಿಕನ್ ಸಭೆ ಆದ ಮೇಲೆ ನಮ್ಮ ಭಾಷೆಯಲ್ಲಿ ಕೇಳಿದಾಗ, ಒಳಗೆ ಆಗಲೇ ಇದ್ದದ್ದಕ್ಕೆ ಮಾತು ಸಿಕ್ಕಿದ ಹಾಗಾಯಿತು.

ನನ್ನ ಗಂಡನೂ ಅವರ ತಮ್ಮನೂ ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದರು. ತಮ್ಮ ಸತ್ತಾಗ ಇವರು ಹೆಣದ ಮುಂದೆ ನಿಂತು ಒಂದು ಗಂಟೆ ಮಾತಾಡಿದರು. ಜೀವ ಇದ್ದಾಗ ಹೋಗು.

ಬಿಣಗಾ

ಅಜ್ಜಿಯ ಮಾತು ಓದಿ ಅಂಜದೀವ್ ನೆನಪಾಯಿತು. ಫೆಬ್ರವರಿ 2ರ ಹಬ್ಬಕ್ಕೆ ನಮ್ಮ ಹಿರಿಯರು ದೋಣಿಯಲ್ಲಿ ದ್ವೀಪದ ಮಾತೆಯ ಚರ್ಚಿಗೆ ಹೋಗುತ್ತಿದ್ದರು. ದೋಣಿ ಕಡಿಮೆ, ಜನ ಹೆಚ್ಚು. ಮಾತು ಬಿಟ್ಟ ಮನೆಯವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕಿತ್ತು. ಈಗ ದ್ವೀಪ ನೌಕಾಪಡೆಯ ಕೈಯಲ್ಲಿದೆ, ಹಿಂದಿನ ಹಾಗೆ ಹೋಗಲಾಗುವುದಿಲ್ಲ. ದಡದಲ್ಲಿ ನಿಂತರೆ ನಮ್ಮ ಕಾರವಾರದ್ದೇ ದ್ವೀಪ ಎದುರಿಗೆ ಕಾಣುತ್ತದೆ.

ದುಬೈಯಲ್ಲಿರುವ ಕಾರವಾರಿಗ

ಕಾಣುವುದು ನಮ್ಮ ದಡದಿಂದ, ಸೇರಿರುವುದು ಗೋವಾ ರಾಜ್ಯಕ್ಕೆ.

ಬಿಣಗಾ

ಕಾಗದದಲ್ಲಿ ಗೋವಾ. ಹರಕೆ ಹೊತ್ತವರು ನಮ್ಮವರು.

ಶಿರಸಿ ಓದುಗ

ಸೌಂದರ್ಯದ ಮಾತು ಬಂದದ್ದಕ್ಕೆ ಹೇಳುತ್ತೇನೆ. ರವೀಂದ್ರನಾಥ ಟಾಗೋರರು ಯುವಕರಾಗಿದ್ದಾಗ ಕಾರವಾರಕ್ಕೆ ಬಂದಿದ್ದರು, ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಆ ದಿನಗಳಲ್ಲಿ ಬರೆದ ನಾಟಕದಲ್ಲಿ ಒಬ್ಬ ಸನ್ಯಾಸಿ ಇದ್ದಾನೆ. ಎಲ್ಲ ಬಂಧನ ಕಡಿದುಕೊಂಡು ಅನಂತವನ್ನು ಹುಡುಕುತ್ತೇನೆ ಎನ್ನುವವನನ್ನು ಒಂದು ಅನಾಥ ಹುಡುಗಿಯ ಪ್ರೀತಿ ಲೋಕಕ್ಕೆ ಮರಳಿ ಕರೆತರುತ್ತದೆ. ನಿಮ್ಮ ಕೆಂಡ, ಮೀನು, ರೊಟ್ಟಿಯ ಮಾತು ಕೇಳುವಾಗ ಅದೇ ನೆನಪಾಯಿತು. ದೊಡ್ಡದು ಸಣ್ಣದರ ಒಳಗಿಂದಲೇ ಬರುತ್ತದೆ.

ಹೆಸರು ಬೇಡ

ನಿಮ್ಮೆಲ್ಲರ ಮಾತು ಚೆನ್ನಾಗಿದೆ, ಆದರೂ ಒಂದು ಎಚ್ಚರಿಕೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಾನು ಹೊಡೆಯುವ ಗಂಡನನ್ನು ಬಿಟ್ಟು ಬಂದವಳು. ಪಕ್ಕದ ಮನೆಯವರು, ಸಂಬಂಧಿಕರು, ಕೊನೆಗೆ ನನ್ನ ತಾಯಿ ಕೂಡ ‘ಎಪ್ಪತ್ತೇಳು ಸಲ ಕ್ಷಮಿಸಬೇಕು’ ಎನ್ನುವ ವಾಕ್ಯವನ್ನು ನನ್ನ ತಲೆಗೆ ಹೊಡೆದರು. ಕ್ಷಮಿಸಿದ್ದೇನೆ. ಮರಳಿ ಹೋಗಿಲ್ಲ, ಹೋಗುವುದೂ ಇಲ್ಲ. ಜೊತೆಗಿರುವುದು ಅಪಾಯವಾದರೆ ಪ್ರತ್ಯೇಕವಾಗಿರಲು ಧರ್ಮಸಭೆಯ ಕಾನೂನೇ ಅವಕಾಶ ಕೊಡುತ್ತದೆ. ಇದನ್ನು ಹೇಳಿದವರು ಒಬ್ಬ ಗುರುಗಳು, ಅವರಿಗೆ ನಾನು ಋಣಿ.

ಆದಿಕಾಂಡ 33 ಓದಿ. ಜಗಳವಾಗಿ ದೂರವಾಗಿದ್ದ ಅಣ್ಣತಮ್ಮ, ಯಕೋಬನೂ ಏಸಾವನೂ, ಅಪ್ಪಿಕೊಂಡು ಅಳುತ್ತಾರೆ. ‘ನಿನ್ನ ಮುಖ ನೋಡಿದ್ದು ದೇವರ ಮುಖ ನೋಡಿದ ಹಾಗಾಯಿತು’ ಎನ್ನುತ್ತಾನೆ ಯಕೋಬ. ಬೈಬಲಿನಲ್ಲಿ ನನಗೆ ಅದಕ್ಕಿಂತ ಸುಂದರವಾದ ಮಾತು ಗೊತ್ತಿಲ್ಲ. ಅದಾದ ಮೇಲೆ? ಏಸಾವ ಸೇಯೀರಿನ ದಾರಿ ಹಿಡಿಯುತ್ತಾನೆ, ಯಕೋಬ ಸುಕ್ಕೋತಿನ ದಾರಿ. ಒಂದೇ ಊರಿನಲ್ಲಿ ಮನೆ ಮಾಡಲಿಲ್ಲ. ಅದೂ ಸಂಧಾನವೇ.

ಉಪದೇಶಿ

ತಂಗಿ, ನೀವು ಬರೆದದ್ದನ್ನು ಮಕ್ಕಳಿಗೆ ಪಾಠ ಹೇಳುವಾಗ ಇನ್ನು ಮುಂದೆ ಸೇರಿಸುತ್ತೇನೆ. ಆ ಅಧ್ಯಾಯದ ಕೊನೆಯನ್ನು ನಾನು ಇಷ್ಟು ವರ್ಷ ಬಿಟ್ಟುಬಿಡುತ್ತಿದ್ದೆ.

ಹಳಿಯಾಳ ಕಡೆಯವ

ನಾವು ಸಿದ್ದಿಗಳು, ಮನೆಯಲ್ಲಿ ಎಲ್ಲರೂ ಕಥೋಲಿಕರು. ಅಜ್ಜನಿಗೆ ಓದು ಬರುತ್ತಿರಲಿಲ್ಲ, ಕಥೆಗಳೆಲ್ಲ ಕಿವಿಯಿಂದ ಕಲಿತದ್ದು. ದುಂದುಗಾರ ಮಗನ ಕಥೆಯಲ್ಲಿ, ಆಸ್ತಿ ಹಾಳುಮಾಡಿ ಮರಳಿದ ತಮ್ಮನಿಗೆ ತಂದೆ ಔತಣ ಮಾಡಿದಾಗ ಸಿಟ್ಟಾಗಿ ಹೊರಗೇ ನಿಂತ ದೊಡ್ಡ ಮಗ ಅವರಿಗೆ ಇಷ್ಟ. ಹೊಲದಿಂದ ಬರುವಾಗ ಅವನಿಗೆ ಮೊದಲು ಕೇಳುವುದು ಹಾಡು ಕುಣಿತದ ಸದ್ದು. ಅಜ್ಜ ನಮ್ಮ ಡೋಲು ಡಮಾಮಿಯ ಮೇಲೆ ಬೆರಳಾಡಿಸುತ್ತಾ ಕೇಳುತ್ತಿದ್ದರು, ‘ಒಳಗೆ ಡಮಾಮಿ ಬಾರಿಸುವಾಗ ಹೊರಗೆ ಕಾಲು ಕಟ್ಟಿಕೊಂಡು ನಿಲ್ಲುವುದು ಎಷ್ಟು ಕಷ್ಟ, ನೀನೇ ಹೇಳು.’

ಅವನು ಒಳಗೆ ಹೋದನೋ ಇಲ್ಲವೋ ಎಂದು ಲೂಕ ಬರೆದಿಲ್ಲ. ತಂದೆ ಹೊರಗೆ ಬಂದು ಬೇಡಿಕೊಂಡ ಎಂದಷ್ಟೇ ಇದೆ. ಅಕ್ಕಾ, ನಿಮ್ಮ ಕಥೆಯಲ್ಲಿ ಹೊರಗೆ ನಿಂತವರು ಯಾರು, ನೀವೋ ಅಣ್ಣನೋ?

ಕೋಡಿಬಾಗದವಳು

ಮೂರು ದಿನ ಇಲ್ಲಿಗೆ ಬರಲಿಲ್ಲ. ಉಪದೇಶಿಗಳು ಹೇಳಿದ ಹಾಗೆ ಮತ್ತಾಯ 5:23 ತೆಗೆದು ಓದಿದೆ. ಐದು ಸಲ ಓದಿದೆ.

ನಾನು ಮೊದಲು ಬರೆದದ್ದರಲ್ಲಿ ಒಂದು ವಿಷಯ ಬಿಟ್ಟಿದ್ದೆ. ಅಮ್ಮನ ತಿಂಗಳ ಪೂಜೆಯ ದಿನ, ಊಟಕ್ಕೆ ಕೂತ ಜನರ ಮುಂದೆ, ನಾನು ಅಣ್ಣನಿಗೆ ‘ಅಮ್ಮನ ಔಷಧಿಗೆ ಒಂದು ಕಾಸು ಕೊಡದವನು ಸಾಯುವ ಕೈಯಿಂದ ಸಹಿ ಹಾಕಿಸಿಕೊಂಡೆ’ ಎಂದು ಕೂಗಿದೆ. ಅವನು ಉತ್ತರ ಕೊಡಲಿಲ್ಲ. ಕೈಯಲ್ಲಿದ್ದ ಸಾರಿನ ಸೌಟನ್ನು ಕೆಳಗಿಟ್ಟು ಹೊರಗೆ ಹೋದ. ಎರಡು ವರ್ಷವಾದ ಮೇಲೆ ಬೇರೆಯವರಿಂದ ತಿಳಿಯಿತು, ಆಸ್ಪತ್ರೆಯ ಹಣಕ್ಕೆ ಅವನು ತನ್ನ ದೋಣಿಯ ಪಾಲನ್ನು ಮಾರಿದ್ದ. ಅಮ್ಮ ಅದಕ್ಕಾಗಿಯೇ ತೋಟ ಬರೆದುಕೊಟ್ಟಿದ್ದಳು. ಗೊತ್ತಾದ ಮೇಲೂ ನಾನು ಹೋಗಲಿಲ್ಲ, ಆರು ವರ್ಷ. ‘ನನಗೆ ಹೇಳಬೇಕಿತ್ತು’ ಎನ್ನುವ ಒಂದು ಮಾತನ್ನು ಹಿಡಿದುಕೊಂಡು ಕೂತೆ.

ಅವನಿಗೆ ನನ್ನ ಮೇಲೆ ಇದೆ. ವಾಕ್ಯ ಹೇಳಿದ್ದು ನನಗೇ. ಅದನ್ನು ನಾನು ಯಾಕೆ ತಿರುವಿ ನೆನಪಿಟ್ಟುಕೊಂಡೆ ಎಂದು ಈಗ ಗೊತ್ತಾಯಿತು.

ಶನಿವಾರ ಪಾಪನಿವೇದನೆಗೆ ಹೋಗಿದ್ದೆ. ಹೆಚ್ಚು ಬರೆಯುವುದಿಲ್ಲ.

ಅಂಕೋಲಾ ವಕೀಲ

ಅಕ್ಕಾ, ಕಾಗದ ನೋಡದೆ ನಿಮ್ಮ ಅಣ್ಣನನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಿದ್ದು ನಾನು. ಕ್ಷಮೆ ಕೇಳುತ್ತೇನೆ. ಆದರೆ ನನ್ನ ಮಾತಿನ ತಿರುಳು ಉಳಿದೇ ಇದೆ. ಹಿಂತಿರುಗಿಸಬೇಕಾದದ್ದು ಈಗ ನಿಮ್ಮ ಬಳಿ ಇದೆ. ಅವರ ಹೆಸರು. ಜನರ ಮುಂದೆ ತೆಗೆದದ್ದನ್ನು ಜನರ ಮುಂದೆಯೇ ಕೊಡಬೇಕು.

ಉಪದೇಶಿ

ಇದು ನೂರಕ್ಕೆ ನೂರು ಸರಿ.

ಸದಾಶಿವಗಡ

ನನ್ನದನ್ನೂ ಹೇಳುತ್ತೇನೆ. 2024ರ ಆಗಸ್ಟ್ 7ರ ನಸುಕಿನ ಒಂದು ಗಂಟೆ ಸುಮಾರಿಗೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತಲ್ಲ, ಲಾರಿಯೊಂದು ನೀರಿಗೆ ಬಿದ್ದು ಚಾಲಕ ಪುಣ್ಯಕ್ಕೆ ಬದುಕಿ ಬಂದ. ನನ್ನ ತಮ್ಮ ಗೋವಾದಲ್ಲಿ ಕೆಲಸ ಮುಗಿಸಿ ತಡರಾತ್ರಿ ಅದೇ ದಾರಿಯಲ್ಲಿ ಕಾರವಾರದ ಮನೆಗೆ ಹೋಗುತ್ತಿದ್ದವನು. ನಮಗೆ ಐದು ವರ್ಷ ಮಾತಿರಲಿಲ್ಲ. ಸುದ್ದಿ ಬಂದ ಕೂಡಲೇ ಕೈ ತಾನಾಗಿ ಅವನ ನಂಬರು ಒತ್ತಿತು. ಅಳಿಸಿರಲಿಲ್ಲ ಎಂದು ಆಗಲೇ ತಿಳಿದದ್ದು. ಅವನು ಎತ್ತಿ ‘ಮನೆಯಲ್ಲೇ ಇದ್ದೇನೆ’ ಎಂದ. ‘ಸರಿ’ ಎಂದು ಇಟ್ಟುಬಿಟ್ಟೆ. ಎರಡೇ ಮಾತು. ಮರುದಿನ ಅವನೇ ಫೋನ್ ಮಾಡಿದ. ಜಗಳದ ವಿಷಯ ಇವತ್ತಿನ ತನಕ ಮಾತಾಡಿಲ್ಲ, ಆದರೆ ಮಕ್ಕಳು ಹೋಗಿ ಬರುತ್ತಾರೆ.

ಕುಮಟಾ ಮೇಷ್ಟ್ರು

ಮಾತಾಡಿ. ಯಾವತ್ತಾದರೂ ಒಂದು ದಿನ, ಊಟವಾದ ಮೇಲೆ.

ದುಬೈಯಲ್ಲಿರುವ ಕಾರವಾರಿಗ

ಅಕ್ಕಾ, ಏನಾಯಿತು? ದಿನಾ ಬಂದು ನೋಡುತ್ತಿದ್ದೇನೆ.

ಕೋಡಿಬಾಗದವಳು

ಜೂನ್ 1ರಿಂದ ಮೀನುಗಾರಿಕೆ ನಿಷೇಧ ಶುರುವಾಗುತ್ತದೆ, ಅದಕ್ಕೆ ಮೊದಲು ಎಂದು ನಿನ್ನೆ ಬೆಳಗ್ಗೆಯೇ ಹೋಗಿ ಒಳ್ಳೆಯ ಬಂಗಡೆ ತಂದೆ. ಗ್ಯಾಸಿನ ಮೇಲಲ್ಲ, ಹಿತ್ತಿಲಲ್ಲಿ ಕರಟ ಹೊತ್ತಿಸಿ ಕೆಂಡ ಮಾಡಿ ಸುಟ್ಟೆ. ಅರ್ಧ ಸುಟ್ಟದ್ದು, ಅರ್ಧ ಅಮ್ಮ ಮಾಡುತ್ತಿದ್ದ ಹಾಗೆ ತಿರ್ಫಳ (ಜುಮ್ಮನಕಾಯಿ) ಹಾಕಿದ ಸಾರು. ಸಾರನ್ನು ಅಮ್ಮನ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಾಕಿದೆ. ಅದರ ಒಂದು ಕಿವಿ ಸಡಿಲವಾಗಿದೆ, ಬಟ್ಟೆ ಸುತ್ತಿ ಹಿಡಿಯಬೇಕು.

ಅಣ್ಣ ಜಗುಲಿಯಲ್ಲಿ ಬಲೆ ಹೊಲಿಯುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಮತ್ತೆ ಕೂತ. ಸೂಜಿ ಕೈಯಲ್ಲೇ ಇತ್ತು. ನಾನು ‘ಅಂದು ಊಟದ ದಿನ ಹೇಳಿದ್ದು ಸುಳ್ಳು. ಅಂದು ಕೂತಿದ್ದವರಿಗೆಲ್ಲ ಹೇಳುತ್ತೇನೆ. ಚಿಕ್ಕಪ್ಪನ ಮನೆಗೆ ಆಗಲೇ ಹೋಗಿ ಹೇಳಿ ಬಂದೆ’ ಎಂದೆ. ಅವನು ಏನೂ ಹೇಳಲಿಲ್ಲ. ಬಲೆಯನ್ನೇ ನೋಡುತ್ತಿದ್ದ. ಅತ್ತಿಗೆ ಒಳಗಿನಿಂದ ಬಂದು ಪಾತ್ರೆ ತೆಗೆದುಕೊಂಡರು, ಬಟ್ಟೆಯ ಸಮೇತ. ‘ಕೂತುಕೋ’ ಎಂದು ಅವರೂ ಹೇಳಲಿಲ್ಲ, ನಾನೂ ಕೂರಲಿಲ್ಲ.

ಬಾಗಿಲು ದಾಟುವಾಗ ಹಿಂದಿನಿಂದ ಅಣ್ಣನ ದನಿ ಕೇಳಿತು. ನನಗಲ್ಲ, ಅತ್ತಿಗೆಗೆ. ‘ಆ ಕಿವಿ ಸಡಿಲ ಇದೆ, ಜೋಪಾನ.’

ಇವತ್ತು ಸಂಜೆಯಾಯಿತು, ಪಾತ್ರೆ ಇನ್ನೂ ವಾಪಸ್ ಬಂದಿಲ್ಲ.

ಹೊನ್ನಾವರದ ಅಜ್ಜಿ (ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ)

ಒಳ್ಳೆಯದಾಯಿತು ಮಗಳೇ. ಬೇಡವಾಗಿದ್ದರೆ ತೊಳೆದು ಖಾಲಿ ಪಾತ್ರೆಯನ್ನು ನಿನ್ನೆ ಸಂಜೆಯೇ ಕಳಿಸುತ್ತಿದ್ದರು. ಖಾಲಿ ಪಾತ್ರೆ ಕೊಡಬಾರದು ಎಂದು ಏನು ಹಾಕಿ ಕೊಡುವುದೆಂದು ಯೋಚಿಸುತ್ತಿದ್ದಾರೆ.

ಬೈತಕೋಲ ರಂಪಣಿ ಮನೆ

ಅಜ್ಜಿ ಹೇಳಿದ್ದು ಸರಿ. ಕೇಳಲು ಹೋಗಬೇಡಿ, ಅವರಾಗಿ ಬರಲಿ.

ಹೆಸರು ಬೇಡ

ಹೋಗಿ. ಕೇಳಲು ಹೋಗುವುದಕ್ಕೆ ಒಂದು ಕಾರಣ ಸಿಕ್ಕಿದೆ, ಅದನ್ನು ಬಿಡಬೇಡಿ.

ಸದಾಶಿವಗಡ

ನಾನೂ ಹೋಗಿ ಎನ್ನುತ್ತೇನೆ. ಅವನು ಮಾತಾಡಿದ್ದಾನೆ, ಅತ್ತಿಗೆಯ ಕಡೆ ತಿರುಗಿ ಮಾತಾಡಿದ್ದಾನೆ ಅಷ್ಟೇ.

ಅಂಕೋಲಾ ವಕೀಲ

ಚಿಕ್ಕಪ್ಪನ ಮನೆ ಆಯಿತು. ಅಂದು ಊಟಕ್ಕೆ ಕೂತ ಉಳಿದವರ ಮನೆಗಳನ್ನು ಮರೆಯಬೇಡಿ.

ಕೋಡಿಬಾಗದವಳು

ಮರೆತಿಲ್ಲ. ಹನ್ನೊಂದು ಮನೆ ಇವೆ, ಪಟ್ಟಿ ಮಾಡಿ ಇಟ್ಟುಕೊಂಡಿದ್ದೇನೆ. ಪಾತ್ರೆಗೆ ಭಾನುವಾರದ ತನಕ ಕಾಯುತ್ತೇನೆ. ಪೂಜೆ ಮುಗಿದ ಮೇಲೂ ಬರದಿದ್ದರೆ, ಚರ್ಚಿನಿಂದ ನೇರವಾಗಿ ಅವರ ಮನೆಗೆ ಕೇಳಲು ಹೋಗುತ್ತೇನೆ.